ಅರ್ಜಿ ಇಲ್ಲದೆ ಬಂದವರು

ಶಾಸಕರ ಮನೆಗೆ ಜನ ಯಾಕೆ ಹೋಗುತ್ತಾರೆ? ಏನಾದರೂ ಬೇಕಾಗಿ ಹೋಗುತ್ತಾರೆ. ಇದು ಗಂಗಾವತಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತು. ಹಾಗಿದ್ದಮೇಲೆ, ನನಗೆ ಏನೂ ಬೇಡ, ಆದರೂ ಶಾಸಕರ ಮನೆಗೆ ಹೋಗುತ್ತೇನೆ ಎಂದು ಹೊರಟ ಶಿವಲೀಲಾಳನ್ನು ಮಂದಿ ಏನೆಂದುಕೊಳ್ಳಬೇಕು, ನೀವೇ ಹೇಳಿ. ಅವಳ ಅತ್ತೆ ಶಂಕ್ರಮ್ಮನಂತೂ ಒಳಗೆ ಅಂದುಕೊಳ್ಳುವ ಜಾತಿಯವಳಲ್ಲ. ಅನ್ನಬೇಕಾದ್ದನ್ನು ಎದುರಿಗೇ ಅಂದಳು.

“ಏನೂ ಬ್ಯಾಡಾಗಿದ್ರ ಮನ್ಯಾಗ ಕುಂದ್ರಬೇಕು. ಎಮ್ಮೆಲ್ಲೆ ಮನೀಗೆ ಯಾಕ ಹೋಗಬೇಕು?”

“ಮಕ್ಳಿಗೆ ಪೌರನೀತಿ ಕಲಿಸಾಕ್ರಿ ಅತ್ತ್ಯಾರ. ಶಾಸಕರು ಅಂದ್ರ ಯಾರು, ಕಾನೂನು ಹೆಂಗ ಆಗತೈತಿ, ಇದನ್ನೆಲ್ಲಾ ಪುಸ್ತಕದಾಗ ಓದೂದಕಿಂತ ಅವರನ್ನ ಕೇಳಿದ್ರ ಛಲೋ ಅಲ್ರಿ?”

“ಅದನ್ನ ಕಲಿಸಾಕಂತನ ಸರಕಾರ ಸಾಲಿ ಕಟ್ಟೇತಿ,” ಎಂದಳು ಶಂಕ್ರಮ್ಮ.

ಮನೆಯ ಜಗಳವೆಲ್ಲ ಈ ಒಂದು ಮಾತಿನಲ್ಲೇ ಇತ್ತು. ಶಿವಲೀಲಾ ಆರು ವರ್ಷ ಊರಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಮಗಳು ಸಹನಾ ಅಲ್ಲೇ ಓದುತ್ತಿದ್ದಳು. ಒಂದು ದಿನ ಪಡಸಾಲೆಯಲ್ಲಿ ಹೋಗುವಾಗ ನೋಡುತ್ತಾಳೆ, ಮಗಳು ತರಗತಿಯ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ. ಏನು ತಪ್ಪು ಮಾಡಿದ್ದಳಪ್ಪಾ ಅಂದರೆ, ಒಂದೇ ಲೆಕ್ಕಕ್ಕೆ ಮೂರು ಸಲ “ಯಾಕೆ” ಎಂದು ಕೇಳಿದ್ದಳು. ಶಿವಲೀಲಾಳಿಗೆ ನೆತ್ತಿಗೇರಿತು. ಮಗಳ ಚೀಲ, ತನ್ನ ಚೀಲ ಎರಡನ್ನೂ ಹೆಗಲಿಗೆ ಹಾಕಿಕೊಂಡು ಅವತ್ತೇ ಹೊರಬಿದ್ದಳು. ಎರಡು ವರ್ಷದಿಂದ ಸಹನಾಳಿಗೆ ಮನೆಯಲ್ಲೇ ಪಾಠ.

ಗಂಡ ಅಂದಪ್ಪನದು ಬೀಜ-ಗೊಬ್ಬರದ ಅಂಗಡಿ. ಹೆಂಡತಿ ಹೇಳಿದರೆ ಹೂಂ ಅನ್ನುತ್ತಿದ್ದ, ತಾಯಿ ಹೇಳಿದರೂ ಹೂಂ ಅನ್ನುತ್ತಿದ್ದ, ಎರಡೂ ಒಟ್ಟಿಗೆ ಕೇಳಿಸಿದರೆ ಅಂಗಡಿಗೆ ಹೋಗುತ್ತಿದ್ದ. ಅಷ್ಟರಲ್ಲಿ ಹತ್ತಿರದ ಮರಳಿ ಊರಿನಿಂದ ರೇಣುಕಾದೇವಿ ಎಂಬ ಗದ್ದೆ ಮಾಡುವ ಮನೆಯ ಹೆಣ್ಣುಮಗಳು ಬಂದು ಸೇರಿಕೊಂಡಳು. ಅವಳ ಮಗ ಗಾಳೇಶ, ಒಂಬತ್ತು ವರ್ಷದವನು, ಶಾಲೆಯ ಗಂಟೆ ಕೇಳಿದರೆ ಸಾಕು, ಗಿಡ ಏರಿ ಕೂರುತ್ತಿದ್ದ. ಈಗ ತಾಯಿ ಮಗ ಇಬ್ಬರೂ ಸ್ಕೂಟಿಯಲ್ಲಿ ಬರುತ್ತಿದ್ದರು. ರೇಣುಕಾದೇವಿ ಗಣಿತ ಕಲಿಸುತ್ತಿದ್ದಳು, ಶಿವಲೀಲಾ ಉಳಿದದ್ದನ್ನು. ಶಂಕ್ರಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮೂಗು ಮುರಿಯುತ್ತಿದ್ದಳು.

ಶಂಕ್ರಮ್ಮ ಕೆಟ್ಟವಳಲ್ಲ. ತಾನು ಶಾಲೆಯ ಮುಖ ನೋಡಿದವಳಲ್ಲ. ತಮ್ಮಂದಿರ ಪಾಟಿಯನ್ನು ಹೊತ್ತುಕೊಂಡು ಶಾಲೆಯ ಬಾಗಿಲತನಕ ಹೋಗಿ ವಾಪಸ್ ಬಂದವಳು. ಹಾಗಾಗಿ ಶಾಲೆ ಎಂದರೆ ಅವಳಿಗೆ ಗುಡಿಯಷ್ಟೇ ದೊಡ್ಡದು. ಒಳಗೆ ಕಾಲಿಟ್ಟ ಕೂಸನ್ನು ಕೈಹಿಡಿದು ಹೊರಗೆ ತಂದ ಸೊಸೆಯನ್ನು ಹೇಗೆ ಕ್ಷಮಿಸಿಯಾಳು? ಈ ವರ್ಷ ಹಟ ಹಿಡಿದಳು. ಮಗನನ್ನು ಅಂಗಡಿಯಿಂದ ಕರೆಸಿ ಎದುರಿಗೆ ಕೂರಿಸಿಕೊಂಡು ಹೇಳಿದಳು: “ನನ್ನ ಮೊಮ್ಮಗಳು ಏನ್ ಕಲ್ತಾಳ ಅನ್ನೂದು ನಾಕು ಮಂದಿ ಮುಂದ ಕಾಣಬೇಕು. ಕಂಡ್ರ ನಾ ಬಾಯಿ ಮುಚ್ಕೊಂಡಿರ್ತೀನಿ. ಕಾಣಲಿಲ್ಲಂದ್ರ ಜೂನ್ ಒಂದಕ್ಕ ಸಾಲೀಗೆ ಹಾಕೂದು.” ಅಂದಪ್ಪ ಹೂಂ ಎಂದ. ಶಿವಲೀಲಾಳೂ ಜಂಬದಲ್ಲಿ ಹೂಂ ಎಂದುಬಿಟ್ಟಳು. ನಾಲ್ಕು ಮಂದಿ ಯಾಕೆ, ಶಾಸಕರ ಅಂಗಳದಲ್ಲಿ ನಾನೂರು ಮಂದಿ ಇರುತ್ತಾರೆ, ಅಲ್ಲೇ ತೋರಿಸುತ್ತೇನೆ ಎಂದು ಲೆಕ್ಕ ಹಾಕಿದಳು. ಮೇ ತಿಂಗಳ ಕೊನೆಯ ಸೋಮವಾರ ಗೊತ್ತಾಯಿತು. ರೇಣುಕಾದೇವಿ ಮತ್ತು ಗಾಳೇಶನ ಜೊತೆ ಪರೀಕ್ಷಕಿಯಾಗಿ ಶಂಕ್ರಮ್ಮನೂ ಇಳಕಲ್ ಸೀರೆ ಉಟ್ಟು ಹೊರಟಳು.

ಶಾಸಕ ವಿರುಪಣ್ಣನವರ ಅಂಗಳ ಬೆಳಿಗ್ಗೆ ಎಂಟಕ್ಕೇ ತುಂಬಿತ್ತು. ಶಾಲು ಹಿಡಿದವರು, ನಿಂಬೆಹಣ್ಣು ಹಿಡಿದವರು, ಹಾರ ಹಿಡಿದವರು, ಎಲ್ಲರ ಇನ್ನೊಂದು ಕೈಯಲ್ಲಿ ಮಡಿಸಿದ ಕಾಗದ. ಬಾಗಿಲಲ್ಲಿ ಪಿ.ಎ. ಕಳಕೇಶ ಮೇಜು ಹಾಕಿಕೊಂಡು ಟೋಕನ್ ಕೊಡುತ್ತಿದ್ದ.

“ಅರ್ಜಿ?” ಎಂದು ತಲೆ ಎತ್ತದೆ ಕೈ ಚಾಚಿದ.

“ಅರ್ಜಿ ಇಲ್ರಿ,” ಎಂದಳು ಶಿವಲೀಲಾ.

“ಮದುವಿ ಕಾರ್ಡಾ?”

“ಅಲ್ರಿ. ಸಾಹೇಬ್ರಿಗೆ ಮಕ್ಳು ನಾಕು ಪ್ರಶ್ನೆ ಕೇಳತಾವ್ರಿ.”

ಈಗ ಕಳಕೇಶ ತಲೆ ಎತ್ತಿದ. “ಪ್ರಶ್ನೆ? ಯಾವ ಪಕ್ಷದವ್ರು ನೀವು?”

“ಹನ್ನೊಂದು ವರ್ಷದ ಕೂಸಿಗೆ ಯಾವ ಪಕ್ಷಾರೀ?”

“ಹಂಗಾರ ಟಿವಿಯವ್ರಾ?”

“ಅಲ್ಲಪ್ಪಾ, ಕಲಿಯಾಕ ಬಂದೀವಿ. ಏನೂ ಬ್ಯಾಡ ನಮಗ.”

ಏನೂ ಬೇಡ ಅನ್ನುವ ಮಾತು ಕಳಕೇಶನಿಗೆ ಸರಿಬರಲಿಲ್ಲ. ಅವನ ಹನ್ನೆರಡು ವರ್ಷದ ಸರ್ವೀಸಿನಲ್ಲಿ ಏನೂ ಬೇಡ ಎಂದವರೆಲ್ಲ ಕೊನೆಗೆ ಟಿಕೆಟ್ ಕೇಳಿದವರೇ. “ನೋಡ್ರಿ ಅಕ್ಕಾರ,” ಎಂದ. “ಅರ್ಜಿ ಇದ್ರ ಟೋಕನ್ನು. ಟೋಕನ್ ಇದ್ರ ಒಳಗ. ಅರ್ಜಿ ಇಲ್ಲದವರನ್ನ ಒಳಗ ಬಿಟ್ರ ಸಾಹೇಬ್ರು ಅವರನ್ನ ಏನ್ ಮಾಡ್ಬೇಕು? ಅಲ್ಲೆ ಬೇವಿನ ಗಿಡದ ಕೆಳಗ ದೇವೇಂದ್ರಪ್ಪ ಕುಂತಾನ, ಒಂದು ಬರಿಸ್ಕೊಂಡು ಬರ್ರಿ. ಹನ್ನೊಂದರ ಮ್ಯಾಲ ಟೋಕನ್ ಬಂದ್.”

“ನಾ ಮೊದ್ಲ ಹೇಳಿದ್ನಿಲ್ಲ,” ಎಂದಳು ಶಂಕ್ರಮ್ಮ, ಪರೀಕ್ಷೆಯ ಮೊದಲ ಅಂಕ ಕಳೆಯುತ್ತ.

ದೇವೇಂದ್ರಪ್ಪ ಅರ್ಜಿ ಬರೆಯುವುದರಲ್ಲಿ ಪಳಗಿದ ಮುದುಕ. ಮೂಗಿನ ತುದಿಗೆ ಕನ್ನಡಕ, ತೊಡೆಯ ಮೇಲೆ ರಟ್ಟು, ಸುತ್ತ ಹತ್ತಾರು ಮಂದಿ. ಇವರ ಸರದಿ ಬಂತು.

“ಏನ್ ಬೇಕು ತಾಯಿ?”

“ಏನೂ ಬ್ಯಾಡ್ರಿ. ಮಕ್ಳನ್ನ ಕರ್ಕೊಂಡು ಸಾಹೇಬ್ರನ್ನ ಭೇಟಿ ಆಗಬೇಕು ಅಂತ ಬರೀರಿ, ಅಷ್ಟ.”

“ಮಕ್ಳು ಯಾವ ಸಾಲಿ?”

“ಸಾಲಿಗೆ ಹೋಗೂದಿಲ್ರಿ. ಮನ್ಯಾಗ...”

ದೇವೇಂದ್ರಪ್ಪ ಪೆನ್ನು ನಿಲ್ಲಿಸಿದ. ಸಹನಾಳನ್ನು ನೋಡಿದ, ಗಾಳೇಶನನ್ನು ನೋಡಿದ, ಗಾಳೇಶನ ಹರಿದ ಚಪ್ಪಲಿಯನ್ನು ನೋಡಿದ. ಅವನ ಕಣ್ಣು ಒದ್ದೆಯಾಯಿತು. “ಹೇಳಬ್ಯಾಡ ತಾಯಿ. ಹೆಣ್ಣು ಬಾಯಿಬಿಟ್ಟು ಕಷ್ಟ ಹೇಳ್ಕೋಬಾರದು. ಹೆಂಗ ಬರೀಬೇಕು ಅನ್ನೂದು ನನಗ ಗೊತ್ತೈತಿ,” ಎಂದವನೇ ಕಾಗದದ ಮೇಲೆ ಬಾಗಿದ. ನಾಲ್ಕು ನಿಮಿಷದಲ್ಲಿ ಪುಟ ತುಂಬಿತು. ಆ ಕಡೆ ಕಳಕೇಶ “ಮುಗೀತು, ಮುಗೀತು” ಎಂದು ಕೂಗುತ್ತಿದ್ದ. ಹಿಂದಿನವರು ತಳ್ಳುತ್ತಿದ್ದರು, ಗಾಳೇಶ ಬೇವಿನ ಗಿಡದ ಕೊಂಬೆಗೆ ಕೈ ಹಾಕಿದ್ದ. ಶಿವಲೀಲಾ ತೋರಿಸಿದ ಜಾಗದಲ್ಲಿ ಸಹಿ ಹಾಕಿ ಹುಡುಗನ ಕಾಲು ಹಿಡಿಯಲು ಓಡಿದಳು. ಕಾಗದವನ್ನು ಶಂಕ್ರಮ್ಮ ಇಸಿದುಕೊಂಡಳು. ಟೋಕನ್ ಸಿಕ್ಕಿತು, ನಲವತ್ತೊಂದು.

ಕಾಯುವುದೆಂದರೆ ಕಾಯುವುದು. ಪಕ್ಕದ ಕುರ್ಚಿಯಲ್ಲಿ ಹಿಂದಿನ ಓಣಿಯ ಪಾರಮ್ಮ ಇದ್ದಳು. ಅವಳಿಗೆ ಮನೆ ಮುಂದಿನ ಗಟಾರಕ್ಕೆ ದಾಟಲು ಒಂದು ಹಾಸುಗಲ್ಲು ಬೇಕಿತ್ತಂತೆ. ಇದು ನಾಲ್ಕನೇ ಸಲ ಬರುತ್ತಿರುವುದಂತೆ. ಸಹನಾ ತನ್ನ ನೋಟ್‌ಬುಕ್ಕಿನ ಹನ್ನೆರಡು ಪ್ರಶ್ನೆಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಎರಡು ತಾಸಾದ ಮೇಲೆ ಕರೆ ಬಂತು. ಒಂದೊಂದಾಗಿ ಬಿಡುವಷ್ಟು ಹೊತ್ತಿಲ್ಲವೆಂದು ಕಳಕೇಶ ನಲವತ್ತರಿಂದ ಐವತ್ತರವರೆಗಿನವರನ್ನು, ಪಾರಮ್ಮನೂ ಸೇರಿ, ಒಟ್ಟಿಗೇ ಒಳಗೆ ನುಗ್ಗಿಸಿದ.

ವಿರುಪಣ್ಣನವರು ದೊಡ್ಡ ಮೈಯ, ದಣಿದ ಕಣ್ಣಿನ ಮನುಷ್ಯ. ಕೈಯಲ್ಲಿ ಆರಿದ ಚಹಾ. ಸಹನಾ ಹೋಗಿ ಎದುರಿಗೆ ನಿಂತು ನೋಟ್‌ಬುಕ್ ತೆಗೆದಳು. ಜೂನ್ ಒಂದು ಈ ಹುಡುಗಿಯ ನಾಲಗೆಯ ಮೇಲಿತ್ತು.

“ನಮಸ್ಕಾರ್ರಿ. ಮೊದಲನೇ ಪ್ರಶ್ನೆ. ನೀವು ಮಾಡಿದ ಕಾನೂನು ಯಾವ್ದ್ರಿ?”

ಶಾಸಕರು ಕಳಕೇಶನ ಕಡೆ ನೋಡಿದರು. ಕಳಕೇಶ ಫ್ಯಾನಿನ ಕಡೆ ನೋಡಿದ.

“ಕಾನೂನಾ?” ಎಂದರು ಶಾಸಕರು. “ಅದು ಬೆಂಗಳೂರಾಗ ಎಲ್ಲಾರೂ ಕೂಡಿ ಮಾಡೂದು ತಂಗಿ.”

“ನೀವು ಕೂಡೀರೇನ್ರಿ?”

“ಕೂಡೇನಿ. ಕೈ ಎತ್ತೇನಿ.”

“ಯಾಕ, ಒಂದಕ್ಕ ಬಂದಿತ್ತೇನ್ರಿ?” ಎಂದು ಕೇಳಿದ ಗಾಳೇಶ. ಅವನು ಶಾಲೆಗೆ ಹೋದ ನಾಲ್ಕು ದಿನದಲ್ಲಿ ಕೈ ಎತ್ತಿದ್ದು ಅದೊಂದಕ್ಕೇ.

ಮಂದಿ ಹೋ ಎಂದು ನಕ್ಕರು. ಶಾಸಕರೂ ಹೊಟ್ಟೆ ಕುಣಿಸಿ ನಕ್ಕರು. ಶಂಕ್ರಮ್ಮನ ತುಟಿ ಕೂಡ ಒಂದಿಷ್ಟು ಅಲುಗಿದ್ದನ್ನು ಶಿವಲೀಲಾ ಕದ್ದು ನೋಡಿದಳು. ಗೆದ್ದೆ ಎಂದುಕೊಂಡಳು. ಎರಡನೇ ಪ್ರಶ್ನೆಗೆ ಸಹನಾ ಪುಟ ತಿರುಗಿಸುವಷ್ಟರಲ್ಲಿ ಕಳಕೇಶ ಶಂಕ್ರಮ್ಮನ ಕೈಯಿಂದ ಅರ್ಜಿ ಕಿತ್ತು ಶಾಸಕರ ಮುಂದಿಟ್ಟ. “ಹೊತ್ತಾಗೇತ್ರಿ ಸಾಹೇಬ್ರ.”

ಅರ್ಜಿಯ ಕೊನೆಯ ಎರಡು ಸಾಲು ಮಾತ್ರ ಓದುವುದು ವಿರುಪಣ್ಣನವರ ರೂಢಿ. ದಿನಕ್ಕೆ ಇನ್ನೂರು ಅರ್ಜಿ ಬಂದರೆ ನೀವಾದರೂ ಅಷ್ಟೇ ಓದುತ್ತಿದ್ದಿರಿ. ಓದಿದರು, ಮುಖ ಮೆತ್ತಗಾಯಿತು, ಫೋನ್ ಎತ್ತಿದರು. “ಹಲೋ, ಕುಷ್ಟಗಿ ಕಡೆ ವಸತಿ ಶಾಲೆಯೊಳಗ ಎರಡು ಸೀಟು ಖಾಲಿ ಅದಾವ ಅಂದಿದ್ರಲ್ಲ? ಹಾಂ, ಒಂದು ಹುಡುಗಿ, ಒಬ್ಬ ಹುಡುಗ. ಆತು.” ಫೋನ್ ಇಟ್ಟು ಸಹನಾಳ ತಲೆ ಸವರಿದರು. “ಇಷ್ಟು ಶ್ಯಾಣ್ಯಾ ಮಕ್ಳು ಸಾಲಿ ಇಲ್ಲದ ಇರಬಾರ್ದು. ಜೂನ್ ಒಂದಕ್ಕ ಗಂಟು ಕಟ್ಟಿ ಹೊಂಡ್ರಿ. ಆತು ಹೋಗ್ರಿ!”

ಮಂದಿ ಚಪ್ಪಾಳೆ ತಟ್ಟಿದರು. ಕಳಕೇಶ ಮೊಬೈಲಿನಲ್ಲಿ ಫೋಟೊ ಹೊಡೆದ. ರೇಣುಕಾದೇವಿ ಗಾಳೇಶನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅವನು ಕಿರುಚಿದ.

“ಸಾಹೇಬ್ರ, ನಾವು ಸೀಟು...” ಎಂದು ಶಿವಲೀಲಾ ಬಾಯಿ ತೆರೆದಳು.

“ಉಪಕಾರ ಹೇಳೂದು ಬ್ಯಾಡ ತಂಗಿ,” ಎಂದರು ಶಾಸಕರು.

ಶಂಕ್ರಮ್ಮ ಸೆರಗು ಹೊದ್ದು ಕೈ ಮುಗಿದಳು. “ನಿಮ್ಮ ಹೊಟ್ಟಿ ತಣ್ಣಗಿರ್ಲಪ್ಪಾ,” ಎಂದು ಶಾಸಕರಿಗೆ, “ಹೂಂ, ನಾಕು ಮಂದಿ ಮುಂದ ಸಾಲಿ ಗೊತ್ತಾತಿಲ್ಲವಾ?” ಎಂದು ಸೊಸೆಗೆ. ಮಾತು ಕೊಟ್ಟಿದ್ದು ಶಿವಲೀಲಾಳೇ.

“ನಾವು ಕೇಳಿಲ್ಲಲ್ರಿ,” ಎಂದಳು ಸಹನಾ.

“ಏನು ತಂಗಿ?”

“ಸೀಟು ನಾವು ಕೇಳಿಲ್ರಿ. ಯಾರ್ ಕೇಳ್ಯಾರ?”

“ನೀವ ಕೇಳೀರಿ. ನೋಡಿಲ್ಲಿ, ನಿಮ್ಮವ್ವನ ಸೈ ಐತಿ.”

“ನಾ ಓದ್ಲೇನ್ರಿ?” ಎಂದವಳೇ ಸಹನಾ ಕಾಗದ ತೆಗೆದುಕೊಂಡು, ದಿನಾ ಬೆಳಿಗ್ಗೆ ಪೇಪರ್ ಓದುವ ದನಿಯಲ್ಲಿ ಗಟ್ಟಿಯಾಗಿ ಶುರು ಮಾಡಿದಳು. “ವಿಷಯ: ವಸತಿ ಶಾಲೆಯಲ್ಲಿ ಎರಡು ಸೀಟು ಮಂಜೂರು ಮಾಡುವ ಕುರಿತು. ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ಇಬ್ಬರು ಮಕ್ಕಳ ತಂದೆಯು ಮೂರು ವರ್ಷಗಳ ಹಿಂದೆ ತೀರಿಕೊಂಡಿದ್ದು...”

“ಯಾರು ತೀರ್ಕೊಂಡಾರ?” ಎಂದಳು ಶಂಕ್ರಮ್ಮ.

“ಅಪ್ಪ ಅಂತ, ಆಯಿ. ‘...ಮನೆಯಲ್ಲಿ ದುಡಿಯುವವರು ಯಾರೂ ಇಲ್ಲದೆ, ಅಜ್ಜಿಗೆ ಬುದ್ಧಿಭ್ರಮಣೆಯಾಗಿದ್ದು...’”

ಕೋಣೆಯಲ್ಲಿದ್ದವರೆಲ್ಲ ಶಂಕ್ರಮ್ಮನನ್ನು ಒಂದು ಥರ ನೋಡಿದರು. ಪಾರಮ್ಮ ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿಕೊಂಡಳು.

“ಯವ್ವಾ ಯವ್ವಾ ಯವ್ವಾ! ನನ್ನ ಮಗ ಮುಂಜಾನೆ ಮೂರು ರೊಟ್ಟಿ ತಿಂದು ಅಂಗಡೀಗೆ ಹೋಗ್ಯಾನ! ಹಚ್ಚು ಫೋನು! ಈಗ ಹಚ್ಚು!” ಶಿವಲೀಲಾ ಗಂಡನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. “ಅಂದಪ್ಪಾ, ಅದೀಯೇನಪ್ಪಾ?” ಎಂದು ಶಂಕ್ರಮ್ಮ ಕೂಗಿದಳು.

“ಅದೀನಬೇ,” ಎಂದಿತು ಫೋನು. “ಎಲ್ಲೆ ಹೋಗ್ಲಿ? ಅಂಗಡ್ಯಾಗ ಗಿರಾಕಿ ಅದಾರ.”

“ಕೇಳಿದ್ರಿಲ್ರಿ ಸಾಹೇಬ್ರ? ಅದಾನ!”

“ಮತ್ತ ಇಬ್ಬರಿಗೂ ಒಬ್ಬನ ತಂದಿ ಹೆಂಗ್ರಿ?” ಎಂದು ರೇಣುಕಾದೇವಿ ಈಗ ಸಿಟ್ಟಿಗೆದ್ದಳು. “ಗಾಳೇಶ ನನ್ನ ಮಗ. ನನ್ನ ಗಂಡ ಮರಳ್ಯಾಗ ಟ್ರ್ಯಾಕ್ಟರ್ ಹೊಡ್ಯಾಕತ್ತಾನ. ಅವನ್ನೂ ಸಾಯಿಸ್ಯಾನಲ್ಲ ಮಾರಾಯ!”

ದೇವೇಂದ್ರಪ್ಪನಿಗೆ ಕರೆ ಹೋಯಿತು. ರಟ್ಟು ಕಂಕುಳಲ್ಲಿಟ್ಟುಕೊಂಡು ಬಂದ ಆ ಮುದುಕನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಅವನ ಮಾತು ಕೇಳಿದರೆ ನಿಮಗೂ ಬೈಯಲು ಮನಸ್ಸು ಬರುತ್ತಿರಲಿಲ್ಲ.

“ಸಾಹೇಬ್ರ, ಮಂದಿ ಕೇಳಿದ್ದು ಬರದ್ರ ನೀವು ‘ನೋಡೋಣ’ ಅಂತೀರಿ. ನಿಮ್ಮ ಹತ್ರ ಇರೂದನ್ನ ಬರದ್ರ ‘ಆತು’ ಅಂತೀರಿ. ಬಿಸಿಲಾಗ ಬಂದವರು ಬರಿಗೈಲೆ ಹೋಗಬಾರ್ದಲ್ರಿ? ಅದಕ್ಕ ನಾ ಸೋಮವಾರಕ್ಕೊಮ್ಮೆ ಕಳಕೇಶಪ್ಪನ ಕಡೆ ಏನೇನ್ ಐತಿ ಅಂತ ತಿಳ್ಕೊಂಡು ಅದನ್ನ ಬರೀತೀನಿ. ಈ ವಾರ ಸೀಟು ಅದಾವ, ಹೊಲಿಗಿ ಮಷೀನ್ ಅದಾವ. ಇದು ಬಿಟ್ರ ಏನಿಲ್ಲ.”

“ಯಪ್ಪಾ ಶಿವನ,” ಎಂದು ಪಾರಮ್ಮ ಎದ್ದಳು. “ತಂಗಿ, ನಂದೊಂದು ಓದವ್ವ.”

ಸಹನಾ ಓದಿದಳು. “ವಿಷಯ: ಹೊಲಿಗೆ ಯಂತ್ರ ಮಂಜೂರು ಮಾಡುವ ಕುರಿತು.”

“ಮತ್ತ ಮಷೀನಾ!” ಪಾರಮ್ಮ ಹಣೆ ಚಚ್ಚಿಕೊಂಡಳು. “ಮನ್ಯಾಗ ಮೂರು ಮಷೀನ್ ಅದಾವ್ರೀ ಸಾಹೇಬ್ರ! ಒಂದರ ಮ್ಯಾಲ ಕೋಳಿ ಕುಂದರತಾವ. ನನಗ ಸೂಜ್ಯಾಗ ದಾರ ಪೋಣಸಾಕ ಬರೂದಿಲ್ಲ. ನಾ ಗಟಾರದ ಮ್ಯಾಲ ಒಂದು ಕಲ್ಲು ಕೇಳಿದ್ರ ನೀವು ಮಷೀನ್ ಯಾಕ ಕೊಡ್ತೀರಿ ಅಂತ ನಾಕು ವರ್ಷದಿಂದ ವಿಚಾರ ಮಾಡಾಕತ್ತೀನಿ!”

ಶಾಸಕರು ಪಾರಮ್ಮನ ಅರ್ಜಿಯನ್ನು ಇಸಿದುಕೊಂಡು ನೋಡಿದರು. ಆಮೇಲೆ, ಸಣ್ಣ ದನಿಯಲ್ಲಿ, “ನಮ್ಮ ಕ್ಷೇತ್ರದ ಹೆಣ್ಮಕ್ಳಿಗೆ ಹೊಲಿಗಿ ಅಂದ್ರ ಭಾಳ ಪ್ರೀತಿ ಅಂತ ನಾ ಸದನದಾಗ ಭಾಷಣ ಮಾಡೇನಲ್ಲೋ ಕಳಕೇಶ,” ಎಂದರು.

ಅಷ್ಟು ಸಾಕಾಯಿತು. ಸುದ್ದಿ ಬಾಗಿಲು ದಾಟಿ ಅಂಗಳಕ್ಕೆ ಹೋಯಿತು. ನಂದೇನ್ ಬರದಾನ ನೋಡು ತಂಗಿ, ನಂದು ನೋಡಪ್ಪಾ ಎಂದು ಮಂದಿ ಮಕ್ಕಳಿಗೆ ಮುತ್ತಿಕೊಂಡರು. ಕಟ್ಟೆಯ ಮೇಲೆ ಸಹನಾ ಒಂದು ಕಡೆ, ಗಾಳೇಶ ಒಂದು ಕಡೆ ಕೂತು ಓದಿದರು. ಸೊಸೈಟಿ ಗೊಬ್ಬರ ಕೇಳಲು ಬಂದ ತಾಜಬೀಗೆ ಹೊಲಿಗೆ ಯಂತ್ರ. ಕಾಲುವೆಗೆ ನೀರು ಕೇಳಲು ಬಂದ ಮೀಸೆಯ ರೈತನಿಗೂ ಹೊಲಿಗೆ ಯಂತ್ರ. ಶಿವಲೀಲಾ, ರೇಣುಕಾದೇವಿ ಪಕ್ಕದಲ್ಲಿ ಕೂತು, ಹೇಳಿದ್ದನ್ನು ಹೇಳಿದ ಹಾಗೆ ಹೊಸದಾಗಿ ಬರೆದುಕೊಟ್ಟರು. ದೇವೇಂದ್ರಪ್ಪ ತನ್ನ ಕಾಗದದ ಕಟ್ಟನ್ನೇ ತಂದುಕೊಟ್ಟು, “ಇವಕ್ಕೆಲ್ಲಾ ‘ನೋಡೋಣ’ ಅಂತಾರ, ಬರಕೋರಿ,” ಎಂದು ಗೊಣಗಿದ. ಅವನ ಮಾತು ಮುಕ್ಕಾಲು ಪಾಲು ನಿಜವೂ ಆಯಿತು. ಆದರೆ ಪಾರಮ್ಮನ ಕಲ್ಲಿಗೆ ಶಾಸಕರು ಅಲ್ಲೇ ಫೋನ್ ಮಾಡಿದರು. ಉಳಿದವರಿಗೂ, ನೋಡೋಣ ಅನ್ನಿಸಿಕೊಂಡದ್ದು ತಾವು ಕೇಳಿದ್ದಕ್ಕೇ ಎಂಬ ಸಮಾಧಾನವಿತ್ತು.

ಸೀಟು ಬೇಡ ಅನ್ನಲಿಕ್ಕೂ ಅರ್ಜಿ ಬೇಕು ಎಂದ ಕಳಕೇಶ. ಕೊಟ್ಟದ್ದನ್ನು ವಾಪಸ್ ಕೊಟ್ಟವರು ಇದುವರೆಗೆ ಇಲ್ಲದ್ದರಿಂದ ಅದನ್ನು ಹೇಗೆ ಬರೆಯುವುದೆಂದು ಅವನಿಗೂ ಗೊತ್ತಿರಲಿಲ್ಲ. ಸಹನಾಳೇ ಬರೆದಳು. “ನನ್ನ ತಂದೆ ಜೀವಂತವಾಗಿದ್ದಾರೆ. ಅಜ್ಜಿಯ ಬುದ್ಧಿ ಸರಿಯಾಗಿದೆ. ನಾವು ಮನೆಯಲ್ಲೇ ಕಲಿಯುತ್ತಿದ್ದೇವೆ. ಆದ್ದರಿಂದ ಸೀಟು ನಿಜವಾಗಿ ಬೇಕಾದವರಿಗೆ ಕೊಡಬೇಕು.” ಶಾಸಕರು ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಸಹಿ ಮಾಡಿದರು.

ಸಂಜೆ ನಾಲ್ಕಕ್ಕೆ ಆಟೊ ಹತ್ತಿದರು. ರೇಣುಕಾದೇವಿ ಮಗನನ್ನು ಕೂರಿಸಿಕೊಂಡು ಸ್ಕೂಟಿಯಲ್ಲಿ ಹೋದಳು. ಸಹನಾ ಅಮ್ಮನ ತೊಡೆಯ ಮೇಲೆ ನಿದ್ದೆ ಹೋದಳು. ಶಂಕ್ರಮ್ಮ ಹೊರಗೆ ನೋಡುತ್ತಿದ್ದಳು. ಸೀಟು ಹೋಯಿತು ಸರಿ, ಜೂನ್ ಒಂದು ಹೋಗಿರಲಿಲ್ಲ. ಮುದುಕಿ ಏನೆನ್ನುತ್ತಾಳೋ ಎಂದು ಶಿವಲೀಲಾ ಕಾಯುತ್ತಿದ್ದಳು.

“ಶಿವಲೀಲಾ, ಆ ಕಾಗದ ನನ್ನ ಕೈಯಾಗ ಎಷ್ಟೊತ್ತಿತ್ತು?”

“ಎರಡು ತಾಸ್ರಿ ಅತ್ತ್ಯಾರ.”

“ಎರಡು ತಾಸು,” ಎಂದಳು ಶಂಕ್ರಮ್ಮ. “ಭಾಳ ಸೆಕಿ ಅಂತ ಅದರಲೆ ಗಾಳಿ ಬೀಸ್ಕೊಂಡ್ನಲ್ಲವ್ವಾ. ನನ್ನ ಮಗ ಸತ್ತಾನ ಅಂತ ಬರದಿದ್ದು. ಅದರಲೆ ನಾ ತಂಪ ಮಾಡ್ಕೊಂಡೆ.” ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಶಿವಲೀಲಾಳಿಗೆ ತಡೆಯಲಾಗಲಿಲ್ಲ. “ನಿಮಗ ಓದಾಕ ಬರತಿರಲಿಲ್ರಿ. ನನಗ ಬರತಿತ್ತು. ನಾ ಓದದ ಸೈ ಮಾಡಿದೆ. ತಪ್ಪು ನಂದ್ರಿ.”

“ನಿಂದ ಮತ್ತ. ಅದಕ್ಕ ಮನೀಗೆ ಹೋಗಿ ಬೈತೀನಿ.” ಶಂಕ್ರಮ್ಮ ಮೂಗು ಒರೆಸಿಕೊಂಡು ಮೊಮ್ಮಗಳ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಆಟೊ ಮನೆಯ ಓಣಿಗೆ ತಿರುಗಿದಾಗ ಕೇಳಿದಳು: “ನಿಮ್ಮ ಸಾಲಿ ಎಷ್ಟಕ್ಕ ಸುರು ಆಗತೈತಿ?”

“ಒಂಬತ್ತಕ್ರಿ.”

“ಒಂಬತ್ತೂವರಿ ಮಾಡು,” ಎಂದಳು ಶಂಕ್ರಮ್ಮ. “ಪೂಜಿ, ನಾಷ್ಟಾ ಮುಗಿಸಿ ಬರಾಕ ನನಗ ಅಷ್ಟೊತ್ತು ಬೇಕಾಗತೈತಿ.”